ಗುಜರಿಗೆ ಹೋಗುವ ಮುನ್ನ: ಹಳೆಯ ಕಾಫಿ ತೋಟಗಳ ಕೈ ಸಲಕರಣೆಗಳು

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಭಾಗಗಳಲ್ಲಿ ಹಳೆಯ ಕಾಫಿ ತೋಟವೊಂದು ಕೈ ಬದಲಾಗುವಾಗ ಭೂಮಿ, ಗಿಡ, ನೆರಳು ಮರ, ನೀರು, ಕಣ ಇವೆಲ್ಲದರ ಬೆಲೆಯನ್ನು ಎರಡೂ ಕಡೆಯವರು ಎಚ್ಚರಿಕೆಯಿಂದ ಲೆಕ್ಕ ಹಾಕುತ್ತಾರೆ. ಉಗ್ರಾಣದ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿರುವ ಕತ್ತಿ, ಕೊಡಲಿ, ಗುದ್ದಲಿ, ಗರಗಸಗಳು ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ. ಕಡೆಯ ದಿನ ಗುಜರಿ ವ್ಯಾಪಾರಿಯ ಗಾಡಿ ಬರುತ್ತದೆ. ಒಡೆದ ಕಬ್ಬಿಣದ ಕಿಟಕಿಯ ಸರಳು, ತೂತು ಬಿದ್ದ ಡ್ರಮ್ಮು ಮತ್ತು ಮೂರು ತಲೆಮಾರು ದುಡಿದ ಒಳ್ಳೆಯ ಉಕ್ಕಿನ ಕೊಡಲಿ ಒಂದೇ ತಕ್ಕಡಿಗೆ ಏರಿ, ಕಿಲೋ ಲೆಕ್ಕದಲ್ಲಿ ಹೊರಟುಹೋಗುತ್ತವೆ. ಇದಕ್ಕೆ ಅರ್ಧ ದಿನ ಸಾಕು.

ಹಳೆಯದೆಲ್ಲವೂ ಒಳ್ಳೆಯದೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಅಂತಹ ರಾಶಿಯಲ್ಲಿ ಹೆಚ್ಚಿನ ಪಾಲು ಗುಜರಿಗೆ ಹೋಗಬೇಕಾದದ್ದೇ. ಆದರೆ ಉಳಿದ ಸ್ವಲ್ಪ ಪಾಲನ್ನು ಆರಿಸಿ ತೆಗೆದರೆ ಬೆಳೆಗಾರನಿಗೆ ಅಲ್ಪ ಖರ್ಚಿನಲ್ಲಿ ಬಾಳಿಕೆಯ ಸಲಕರಣೆ ದೊರೆಯುತ್ತದೆ. ಜೊತೆಗೆ, ಈ ಇಳಿಜಾರುಗಳಲ್ಲಿ ಕೆಲಸ ಹೇಗೆ ನಡೆಯುತ್ತಿತ್ತು ಎಂಬ ತಿಳಿವಳಿಕೆಯೂ ಸ್ವಲ್ಪಮಟ್ಟಿಗೆ ಉಳಿಯುತ್ತದೆ. ಆರಿಸುವ ಬಗೆ, ಪರೀಕ್ಷಿಸುವ ಬಗೆ, ಬೆಲೆ ಕಟ್ಟುವ ಬಗೆ ಮತ್ತು ದುರಸ್ತಿಯನ್ನು ಇಲ್ಲಿ ವಿವರಿಸಲಾಗಿದೆ.

ಎಲ್ಲಿ, ಯಾವಾಗ ದೊರೆಯುತ್ತವೆ?

ಮಲೆನಾಡಿನಲ್ಲಿ ಇಂತಹ ಮಾರಾಟಕ್ಕೆ ಕೆಲವು ಸಂದರ್ಭಗಳಿವೆ. ಅಣ್ಣತಮ್ಮಂದಿರ ಹಿಸ್ಸೆಯಾದಾಗ, ಹಿರಿಯರು ತೀರಿಕೊಂಡು ಮಕ್ಕಳು ಊರು ಬಿಟ್ಟಾಗ, ಸಾಲ ತೀರಿಸಲು ತೋಟ ಮಾರಿದಾಗ, ಹಳೆಯ ಬಂಗಲೆ ಹೋಂಸ್ಟೇ ಆಗಿ ಮಾರ್ಪಟ್ಟಾಗ ಮತ್ತು ಪಲ್ಪರ್ ಮನೆಗೆ ಹೊಸ ಯಂತ್ರ ಬಂದಾಗ ಉಗ್ರಾಣ ಖಾಲಿಯಾಗುತ್ತದೆ. ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಹರಾಜು ಹಾಕುವುದು ಅಪರೂಪ; ಹೆಚ್ಚಿನವು ಬಾಯಿಮಾತಿನಲ್ಲೇ ನಡೆಯುತ್ತವೆ. ಆದ್ದರಿಂದ ಸುತ್ತಮುತ್ತಲಿನ ತೋಟಗಳ ರೈಟರು, ಮೇಸ್ತ್ರಿಗಳು ಮತ್ತು ಪೇಟೆಯ ಗುಜರಿ ಅಂಗಡಿಯವರ ಪರಿಚಯವಿರಬೇಕು. ಗುಜರಿ ಅಂಗಡಿಯವರಿಗೆ ಮೊದಲೇ ಹೇಳಿಟ್ಟರೆ, ಗುದ್ದಲಿ ಕೊಡಲಿಗಳನ್ನು ಬೇರೆಯಾಗಿ ತೆಗೆದಿಡುತ್ತಾರೆ.

ಮಾರುವವರಿಗೆ ಮಾರುವ ಹಕ್ಕಿದೆಯೇ ಎಂಬುದನ್ನು ಮೊದಲು ತಿಳಿಯತಕ್ಕದ್ದು. ಹಿಸ್ಸೆಯ ವ್ಯಾಜ್ಯ ನ್ಯಾಯಾಲಯದಲ್ಲಿದ್ದರೆ ಅಥವಾ ಚರಾಸ್ತಿ ಜಪ್ತಿಯಾಗಿದ್ದರೆ ಒಂದು ಮೊಳೆಯನ್ನೂ ಕೊಳ್ಳಬಾರದು. ಕೊಂಡದ್ದಕ್ಕೆ ಚಿಕ್ಕದಾದರೂ ಒಂದು ರಸೀದಿ ಬರೆಸಿಕೊಳ್ಳುವುದು ಕ್ಷೇಮ.

ಹೋಗುವಾಗ ಟಾರ್ಚು, ಚರ್ಮದ ಕೈಚೀಲ, ತಂತಿ ಬ್ರಷ್ಷು, ಸಣ್ಣ ಅರ, ಅಯಸ್ಕಾಂತ, ಸಣ್ಣ ಸುತ್ತಿಗೆ ಮತ್ತು ಒಂದು ನೋಟುಪುಸ್ತಕ ಜೊತೆಗಿರಲಿ. ವರ್ಷಗಟ್ಟಲೆ ಮುಚ್ಚಿದ ಉಗ್ರಾಣದಲ್ಲಿ ಹಾವು, ಚೇಳುಗಳು ಇರುವುದುಂಟು. ರಾಶಿಗೆ ಕೈ ಹಾಕುವ ಮುನ್ನ ಕೋಲಿನಿಂದ ಕದಲಿಸಬೇಕು. ಧನುರ್ವಾಯು ಚುಚ್ಚುಮದ್ದನ್ನು ಮೊದಲೇ ಹಾಕಿಸಿಕೊಂಡಿರುವುದು ಒಳ್ಳೆಯದು.

ಇವು ಬಂದ ದಾರಿ

ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಅವರು ಯೆಮನ್‌ನಿಂದ ಏಳು ಕಾಫಿ ಬೀಜಗಳನ್ನು ತಂದು ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರೆಂಬ ಪ್ರತೀತಿ ಎಲ್ಲರಿಗೂ ತಿಳಿದದ್ದೇ. ದೊಡ್ಡ ಪ್ರಮಾಣದ ಯೂರೋಪಿಯನ್ ತೋಟಗಳು ಚಿಕ್ಕಮಗಳೂರಿನ ಸುತ್ತ ಆರಂಭವಾದದ್ದು 1830ರ ಸುಮಾರಿಗೆ. ಆಗ ಕಾಡು ಕಡಿಯುವುದರಿಂದ ಹಿಡಿದು ಗುಂಡಿ ತೆಗೆಯುವವರೆಗೆ ಎಲ್ಲವೂ ಕೈಕೆಲಸ. ಊರಿನ ಕಮ್ಮಾರರು ಮಾಡಿದ ಕತ್ತಿ, ಗುದ್ದಲಿಗಳ ಜೊತೆಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್, ವುಲ್ವರ್‌ಹ್ಯಾಂಪ್ಟನ್ ಪ್ರದೇಶದ ಕಾರ್ಖಾನೆಗಳು ತೋಟಗಳಿಗೆಂದೇ ತಯಾರಿಸಿದ ಸಲಕರಣೆಗಳೂ ಬಳಕೆಗೆ ಬಂದವು. ಬ್ರೇಡ್ಸ್, ಎಲ್ವೆಲ್, ಗಿಲ್ಪಿನ್, ಮೊಸಳೆಯ ಗುರುತಿನ ಚಿಲ್ಲಿಂಗ್ಟನ್ ಮತ್ತು ಮಾರ್ಟಿಂಡೇಲ್ ಇವು ಅಂತಹ ಕೆಲವು ಹೆಸರುಗಳು. ಪಲ್ಪರ್‌ಗಳಲ್ಲಿ ಲಂಡನ್ನಿನ ಜಾನ್ ಗಾರ್ಡನ್ ಮತ್ತು ಅಬರ್ಡೀನಿನ ಮೆಕಿನ್ನನ್ ಕಂಪನಿಗಳು ಹೆಸರಾಗಿದ್ದವು. ಜಮ್‌ಷೆಡ್‌ಪುರದಲ್ಲಿ 1925ರಲ್ಲಿ ಆರಂಭವಾದ ಟಾಟಾ ಅಗ್ರಿಕೋ ಸ್ವದೇಶಿ ಗುದ್ದಲಿ, ಪಿಕಾಸಿಗಳನ್ನು ಒದಗಿಸಿತು. ಅದೇ 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರವೂ ಸ್ಥಾಪನೆಯಾಯಿತು.

ನಮ್ಮ ನಾಡಿಗೆ ಉಕ್ಕು ಹೊಸದೇನಲ್ಲ. ದಕ್ಷಿಣ ಭಾರತದ ಮೂಸೆಯ ಉಕ್ಕನ್ನು ಯೂರೋಪಿನವರು ವೂಟ್ಜ್ ಎಂದು ಕರೆದರು. ಈ ಹೆಸರು ಕನ್ನಡದ ಉಕ್ಕು ಎಂಬ ಮಾತಿನಿಂದ ಬಂದಿತೆಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಹಳ್ಳಿಗಳ ಕಬ್ಬಿಣದ ಕುಲುಮೆಗಳನ್ನು ವಿವರವಾಗಿ ವರ್ಣಿಸಿದ್ದಾನೆ. ಮುಂದೆ ಭದ್ರಾವತಿಯ ಕಾರ್ಖಾನೆಗೆ ಅದಿರು ಹೋದದ್ದು ಇದೇ ಬಾಬಾಬುಡನ್ ಸಾಲಿನ ಕೆಮ್ಮಣ್ಣುಗುಂಡಿಯಿಂದ. ಆದ್ದರಿಂದ ಮುದ್ರೆಯಿಲ್ಲದ ಊರ ಕತ್ತಿಯನ್ನು ವಿಲಾಯಿತಿ ಮುದ್ರೆಯ ಕೊಡಲಿಗಿಂತ ಕೀಳೆಂದು ತಿಳಿಯಬಾರದು.

ಉಕ್ಕನ್ನು ಗುರುತಿಸುವುದು

ಮುದ್ರೆ ನೋಡಿ ಕೊಳ್ಳುವುದಕ್ಕಿಂತ ಉಕ್ಕು ನೋಡಿ ಕೊಳ್ಳುವುದು ಮುಖ್ಯ. ಇದಕ್ಕೆ ಸುಲಭವಾದ ನಾಲ್ಕು ಪರೀಕ್ಷೆಗಳಿವೆ.

1. ನಾದ: ಸಲಕರಣೆಯನ್ನು ದಾರದಲ್ಲಿ ತೂಗುಹಾಕಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಗಂಟೆಯಂತೆ ನಾದ ಬಂದರೆ ಸರಿ. ಮಂಕಾದ ಸದ್ದು ಬಂದರೆ ಬಿರುಕಿರುವ ಸಂಭವವಿದೆ.

2. ಅರ: ಬಾಯಿಯ ಅಂಚಿನ ಮೇಲೆ ಅರ ಎಳೆಯಬೇಕು. ಅರ ಸ್ವಲ್ಪವೇ ಕಚ್ಚಿದರೆ ಹದ ಸರಿಯಾಗಿದೆ. ಗಾಜಿನ ಮೇಲೆ ಜಾರಿದಂತೆ ಜಾರಿದರೆ ಅತಿ ಗಡಸು. ಕಲ್ಲಿಗೆ ತಗುಲಿದರೆ ಚಕ್ಕೆ ಏಳುತ್ತದೆ. ಬೆಣ್ಣೆಯಂತೆ ಸವೆದರೆ ಅಲ್ಲಿ ಉಕ್ಕೇ ಇಲ್ಲ, ಅಥವಾ ಬೆಂಕಿಯಲ್ಲಿ ಹದ ಕೆಟ್ಟಿದೆ.

3. ಬೆಸುಗೆಯ ಗೆರೆ: ಹಿಂದಿನ ಅನೇಕ ಕೊಡಲಿ, ಕತ್ತಿಗಳಲ್ಲಿ ಮೈ ಮೆದುಗಬ್ಬಿಣದ್ದು, ಬಾಯಿಗೆ ಮಾತ್ರ ಉಕ್ಕಿನ ಪಟ್ಟಿ ಬೆಸೆದಿರುತ್ತದೆ. ಅಂಚನ್ನು ಉಜ್ಜಿ ಹೊಳಪು ತಂದು ನಿಂಬೆರಸ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟರೆ ಉಕ್ಕು ಕಪ್ಪಾಗಿಯೂ ಕಬ್ಬಿಣ ತಿಳಿಯಾಗಿಯೂ ಕಾಣುತ್ತದೆ. ಈ ಕಪ್ಪು ಪಟ್ಟಿ ಎಷ್ಟು ಅಗಲ ಉಳಿದಿದೆಯೋ ಅಷ್ಟೇ ಸಲಕರಣೆಯ ಆಯುಷ್ಯ. ಅದು ಸವೆದುಹೋಗಿದ್ದರೆ ಕಮ್ಮಾರರು ಹೊಸ ಉಕ್ಕು ಬೆಸೆಯದ ಹೊರತು ಪ್ರಯೋಜನವಿಲ್ಲ.

4. ಬರಹ: ಕ್ಯಾಸ್ಟ್ ಸ್ಟೀಲ್ ಎಂಬ ಮುದ್ರೆ ಕಂಡು, ಇದು ಬೀಡು ಕಬ್ಬಿಣ, ಬಿದ್ದರೆ ಒಡೆಯುತ್ತದೆ ಎಂದು ಬದಿಗೆ ಸರಿಸುವವರುಂಟು. ಅದು ತಪ್ಪು ತಿಳಿವಳಿಕೆ. ಹಳೆಯ ಸಲಕರಣೆಗಳಲ್ಲಿ ಆ ಮುದ್ರೆಗೆ ಮೂಸೆಯಲ್ಲಿ ಕರಗಿಸಿದ ಉತ್ತಮ ಉಕ್ಕು ಎಂದರ್ಥ.

ತುಕ್ಕಿನ ಬಗ್ಗೆ ಒಂದು ಮಾತು. ಮೇಲ್ಮೈಯ ಕೆಂಪು ತುಕ್ಕು ಅಂಜಿಕೆಯ ವಿಷಯವಲ್ಲ. ತುಕ್ಕು ಒಳಗೆ ಕೊರೆದು ಕುಳಿಗಳಾಗಿದ್ದರೆ, ಅದರಲ್ಲಿಯೂ ಬಾಯಿಯ ಅಂಚಿನಲ್ಲಿ ಕುಳಿ ಬಿದ್ದಿದ್ದರೆ, ಎಷ್ಟು ಮಸೆದರೂ ಅಂಚು ನಿಲ್ಲುವುದಿಲ್ಲ.

ಯಾವುದರಲ್ಲಿ ಏನು ನೋಡಬೇಕು?

ಕತ್ತಿ: ಮರಗಸಿ, ಕಳೆ ಸವರುವಿಕೆ, ಬೇಲಿ ಕೆಲಸ ಎಲ್ಲಕ್ಕೂ ಬೇಕಾದದ್ದು. ಕೊಕ್ಕಿನ ಬಾಗು, ಬೆನ್ನಿನ ದಪ್ಪ ಮತ್ತು ಹಿಡಿಯೊಳಗೆ ಹೋಗುವ ಬಾಲದ ಸ್ಥಿತಿಯನ್ನು ಗಮನಿಸಬೇಕು. ಬಾಲ ತುಕ್ಕಿನಿಂದ ಸಣ್ಣಗಾಗಿದ್ದರೆ ಮರದ ಮೇಲೆ ಕೆಲಸ ಮಾಡುವಾಗ ಅಲಗು ಕಳಚಿ ಬೀಳಬಹುದು. ಮಸೆದು ಮಸೆದು ಅಗಲ ಅರ್ಧಕ್ಕಿಳಿದ ಕತ್ತಿಯೂ ಕಂಬಚಿಗುರು ತೆಗೆಯಲು ಹಗುರವಾಗಿ ಒದಗುತ್ತದೆ.

ಕೊಡಲಿ: ಕಾವು ಕೂರುವ ಕಣ್ಣನ್ನು ಮೊದಲು ನೋಡಬೇಕು. ಹಿಂಬದಿಯನ್ನು ಸುತ್ತಿಗೆಯಂತೆ ಬಳಸಿ ಕಣ್ಣು ಹಿಗ್ಗಿದ್ದರೆ ಅಥವಾ ಗೋಡೆಯಲ್ಲಿ ಬಿರುಕಿದ್ದರೆ ಬಿಟ್ಟುಬಿಡಬೇಕು.

ಗುದ್ದಲಿ, ಮಮ್ಮಟಿ, ಹಾರೆ: ಇಲ್ಲಿ ಹೆಸರಿನ ಗೊಂದಲವಿದೆ. ಘಟ್ಟದ ಮೇಲೆ ಹಾರೆ ಎಂದರೆ ನೆಲ ಅಗೆಯುವ ಉದ್ದನೆಯ ಕಬ್ಬಿಣದ ಕೋಲು. ಘಟ್ಟದ ಕೆಳಗೆ ಹಾರೆ ಎಂದರೆ ಮಣ್ಣು ಎಳೆಯುವ ಸಲಕರಣೆ. ಮಮ್ಮಟಿ ಎಂಬುದು ತಮಿಳು ಕೆಲಸಗಾರರ ಜೊತೆ ಬಂದ ಹೆಸರು. ದೂರವಾಣಿಯಲ್ಲಿ ವ್ಯಾಪಾರ ಕುದುರಿಸುವ ಮುನ್ನ ಯಾವುದೆಂದು ಸ್ಪಷ್ಟಪಡಿಸಿಕೊಳ್ಳಿ. ಅಲಗಿಗೂ ಕಾವಿಗೂ ಇರುವ ಕೋನವನ್ನು ಗಮನಿಸಬೇಕು. ಕಡಿದಾದ ಇಳಿಜಾರಿನಲ್ಲಿ ತೊಟ್ಟಿಲು ಗುಂಡಿ ತೆಗೆಯಲು ಅನುಕೂಲವಾದ ಕೋನ, ಸಮತಟ್ಟಾದ ಗದ್ದೆಗೆ ಅನುಕೂಲವಾಗುವುದಿಲ್ಲ.

ಗಿಡಗಸಿಯ ಕತ್ತರಿ ಮತ್ತು ಗರಗಸ: ಕತ್ತರಿಯ ಎರಡು ಅಲಗುಗಳನ್ನು ಮುಚ್ಚಿ ಬೆಳಕಿಗೆ ಹಿಡಿದಾಗ ನಡುವೆ ಬೆಳಕು ಕಾಣಬಾರದು. ನಡುವಿನ ತಿರುಪು ಬಿಚ್ಚಲು ಬರಬೇಕು. ಸ್ಪ್ರಿಂಗು ಹೋಗಿದ್ದರೆ ಚಿಂತೆಯಿಲ್ಲ, ಬದಲಾಯಿಸಬಹುದು. ಗರಗಸವನ್ನು ಬಾಗಿಸಿ ಬಿಟ್ಟರೆ ಮತ್ತೆ ನೆಟ್ಟಗಾಗಬೇಕು. ಮೊಂಡು ಕತ್ತರಿ ರೆಕ್ಕೆಯನ್ನು ಜಜ್ಜುತ್ತದೆ. ಜಜ್ಜಿದ ಗಾಯ ಬೇಗ ಮಾಯುವುದಿಲ್ಲ. ಕಾಫಿ ಗಿಡದ ಬಳಿ ತರುವ ಯಾವ ಸಲಕರಣೆಗೂ ಇದೇ ಮುಖ್ಯ ಪರೀಕ್ಷೆ.

ಬಿಳಿ ಕಾಂಡಕೊರಕದ ಹತೋಟಿಗಾಗಿ ಅರೇಬಿಕಾದ ಕಾಂಡ ಉಜ್ಜುವ ಕೆಲಸಕ್ಕೆ ಮಾತ್ರ ಉಗ್ರಾಣದ ಕಬ್ಬಿಣವನ್ನು ತರಬೇಡಿ. ಸಡಿಲವಾದ ಒಣ ತೊಗಟೆಯನ್ನು ತೆಂಗಿನ ನಾರಿನ ಕೈಚೀಲ ಅಥವಾ ತೆಂಗಿನ ಸಿಪ್ಪೆಯಿಂದಲೇ ಉಜ್ಜಬೇಕು. ಚೂಪು ಕಬ್ಬಿಣದಿಂದ ಕೆರೆದರೆ ಹಸಿ ತೊಗಟೆಗೆ ಗಾಯವಾಗುತ್ತದೆ.

ಸಾಣೆಕಲ್ಲು: ಮರದ ಚೌಕಟ್ಟಿನಲ್ಲಿ ತಿರುಗುವ ಮರಳುಗಲ್ಲಿನ ಚಕ್ರ ಕಂಡರೆ ಬಿಡಬಾರದು. ನೀರು ಹಾಕಿ ಮೆಲ್ಲಗೆ ಮಸೆಯುವುದರಿಂದ ಉಕ್ಕು ಬಿಸಿಯಾಗುವುದಿಲ್ಲ. ವಿದ್ಯುತ್ ಗ್ರೈಂಡರಿನಲ್ಲಿ ಅಂಚು ನೀಲಿ ಬಣ್ಣಕ್ಕೆ ತಿರುಗಿದರೆ ಹದ ಹೋಯಿತೆಂದೇ ತಿಳಿಯಬೇಕು. ಕಲ್ಲಿನಲ್ಲಿ ಬಿರುಕಿಲ್ಲವೆಂಬುದನ್ನು ತಟ್ಟಿ ನೋಡಿ ಖಚಿತಪಡಿಸಿಕೊಳ್ಳಿ.

ಕೈ ಪಲ್ಪರ್: ಸ್ವಲ್ಪ ಹಣ್ಣನ್ನು ಬೇರೆಯಾಗಿ ಪಾರ್ಚ್‌ಮೆಂಟ್ ಮಾಡಬಯಸುವ ಸಣ್ಣ ಬೆಳೆಗಾರರಿಗೆ ಇದು ಉಪಯುಕ್ತ. ಗುಬುಟುಗಳಿರುವ ತಾಮ್ರದ ತಗಡು ಇದೆಯೇ, ಸವೆದಿದೆಯೇ ಎಂಬುದು ಮುಖ್ಯ. ಗುಜರಿಯವರು ಮೊದಲು ಕಿತ್ತುಕೊಳ್ಳುವುದು ಅದನ್ನೇ. ಅಂತರ ಸರಿಪಡಿಸುವ ತಿರುಪುಗಳು ತಿರುಗದಿದ್ದರೆ ಬೀಜ ಜಜ್ಜಿಹೋಗುತ್ತದೆ.

ತಕ್ಕಡಿ, ತೂಕದ ಕಲ್ಲು: ಹಿಂದೆ ಕಾಫಿಯ ಲೆಕ್ಕ 112 ಪೌಂಡಿನ ಹಂಡ್ರೆಡ್‌ವೇಯ್ಟಿನಲ್ಲಿತ್ತು; ಅದು ಇಂದಿನ ಸುಮಾರು 50.8 ಕಿ.ಗ್ರಾಂ. ಇಂತಹ ತೂಕದ ಗುಂಡುಗಳನ್ನು ನೆನಪಿಗೆ ಇಟ್ಟುಕೊಳ್ಳಬಹುದೇ ಹೊರತು ವ್ಯಾಪಾರಕ್ಕೆ ಬಳಸುವಂತಿಲ್ಲ.

ಮುಟ್ಟಬಾರದವು

ಹಿತ್ತಾಳೆಯ ಹಳೆಯ ಸಿಂಪರಣಾ ಪಂಪುಗಳು ಉಜ್ಜಿದರೆ ಚಿನ್ನದಂತೆ ಹೊಳೆಯುತ್ತವೆ. ಅವುಗಳ ಒಳಗಿನ ನೀಲಿ ಹಸಿರು ಪದರ ಬೋರ್ಡೋ ದ್ರಾವಣದ ಮೈಲುತುತ್ತದ್ದಿರಬಹುದು. ಅದಕ್ಕಿಂತ ಅಪಾಯಕಾರಿಯಾದ ಕೀಟನಾಶಕದ ಶೇಷವೂ ಇರಬಹುದು. ಬಿ.ಎಚ್.ಸಿ.ಯನ್ನು 1997ರಲ್ಲಿಯೂ, ಕಾಂಡಕೊರಕಕ್ಕೆ ಬಹುಕಾಲ ಬಳಸುತ್ತಿದ್ದ ಲಿಂಡೇನ್ ಬಳಕೆಯನ್ನು 2013ರಲ್ಲಿಯೂ ನಿಷೇಧಿಸಲಾಗಿದೆ. ಆದರೆ ಹಳೆಯ ಉಗ್ರಾಣಗಳಲ್ಲಿ ಇವುಗಳ ಡಬ್ಬಿಗಳು ಉಳಿದಿರಬಹುದು. ಅಂತಹ ಡಬ್ಬಿಗಳನ್ನು ತೆರೆಯಬಾರದು. ಕೃಷಿ ಇಲಾಖೆಗೆ ತಿಳಿಸಬೇಕು. ಪಂಪು, ಡ್ರಮ್ಮುಗಳನ್ನು ನೀರು ತುಂಬಿಸಲು, ಮನೆಯ ಅಲಂಕಾರಕ್ಕೆ ಅಥವಾ ಅಡಿಗೆಗೆ ಎಂದಿಗೂ ಒಯ್ಯಬಾರದು.

ಕೋವಿ, ಕೋವಿಯ ಬಿಡಿಭಾಗ, ತೋಟಾ ಇವುಗಳನ್ನು ಪರವಾನಗಿಯಿಲ್ಲದೆ ಮುಟ್ಟುವುದೂ ಅಪರಾಧಕ್ಕೆ ದಾರಿ. ಜಿಂಕೆ, ಕಡವೆಗಳ ಕೊಂಬಿನ ಹಿಡಿಯಿರುವ ಚಾಕು, ದಂತದ ಹಿಡಿ, ಗೋಡೆಗೆ ತೂಗುಹಾಕಿದ ಕೊಂಬು ಇವುಗಳ ವ್ಯಾಪಾರ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧ. ಅದೇ 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ಮೀರಿದ ಕುಶಲವಸ್ತುಗಳನ್ನು ಖಾಸಗಿಯವರು ವಿದೇಶಕ್ಕೆ ಕಳುಹಿಸುವಂತಿಲ್ಲ.

ಬೆಲೆ ಕಟ್ಟುವ ಬಗೆ

ಲೆಕ್ಕ ಸರಳವಾಗಿರಲಿ. ಕೊಳ್ಳುವ ಬೆಲೆ, ಕಮ್ಮಾರರ ಕೂಲಿ, ಹೊಸ ಕಾವು ಮತ್ತು ನಿಮ್ಮ ಓಡಾಟದ ಖರ್ಚು ಕೂಡಿದರೆ ಅದೇ ಕೆಲಸದ ಒಳ್ಳೆಯ ಹೊಸ ಸಲಕರಣೆಯ ಬೆಲೆಯನ್ನು ಮೀರಬಾರದು. ಉದಾಹರಣೆಗೆ ಗುಜರಿ ದರ ಕಿಲೋಗೆ 30 ರೂ. ಎಂದಿಟ್ಟುಕೊಂಡರೆ, ಒಂದೂವರೆ ಕಿಲೋದ ಕೊಡಲಿಗೆ ಗುಜರಿಯವರು ಕೊಡುವುದು 45 ರೂ. ನೀವು ಅದಕ್ಕೆ 150 ರೂ. ಕೊಟ್ಟರೂ ಮಾರುವವರಿಗೆ ಮೂರು ಪಟ್ಟಿಗೂ ಹೆಚ್ಚು ಲಾಭ, ನಿಮಗೂ ನಷ್ಟವಿಲ್ಲ. ಪಟ್ಟಣದ ಸಂಗ್ರಹಕಾರರು ಮುದ್ರೆಗೆ ಕೊಡುವ ಬೆಲೆಯ ಹಿಂದೆ ಬೆಳೆಗಾರ ಹೋಗಬೇಕಾಗಿಲ್ಲ.

ಇಲ್ಲಿ ಇನ್ನೊಂದು ಮಾತನ್ನು ಮರೆಯಬಾರದು. ಇಂತಹ ಮಾರಾಟಗಳ ಹಿಂದೆ ಅನೇಕ ವೇಳೆ ಒಂದು ಸಾವು, ಒಂದು ಸಾಲ ಅಥವಾ ಒಡೆದ ಮನೆ ಇರುತ್ತದೆ. ಗುಜರಿ ರಾಶಿಯಲ್ಲಿ ನಿಜವಾಗಿ ಬೆಲೆಬಾಳುವ ವಸ್ತು ಕಂಡರೆ, ಅದರ ಬೆಲೆ ಅರಿಯದ ಮನೆಯವರಿಗೆ ಹೇಳಿಯೇ ಕೊಳ್ಳಬೇಕು. ಇವತ್ತು ಅವರ ಉಗ್ರಾಣ ಖಾಲಿಯಾಗುತ್ತಿದೆ, ನಾಳೆ ನಮ್ಮದೂ ಆಗಬಹುದು. ನೆರೆಹೊರೆಯ ನಂಬಿಕೆ ಒಂದು ಕೊಡಲಿಗಿಂತ ದೊಡ್ಡದು.

ದುರಸ್ತಿ

ತುಕ್ಕು ಹಿಡಿದದ್ದನ್ನು ಒಂದು ದಿನ ಡೀಸೆಲ್ ಅಥವಾ ಸೀಮೆಎಣ್ಣೆಯಲ್ಲಿ ನೆನೆಸಿ ತಂತಿ ಬ್ರಷ್ಷಿನಿಂದ ಉಜ್ಜಬೇಕು. ಹಠಮಾರಿ ತುಕ್ಕಿಗೆ ಹುಣಸೆ ನೀರು ಅಥವಾ ವಿನೆಗರ್ ಆಗುತ್ತದೆ. ಆದರೆ ಅನಂತರ ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು ಕೂಡಲೇ ಒಣಗಿಸದಿದ್ದರೆ ಮತ್ತೆ ತುಕ್ಕು ಏಳುತ್ತದೆ. ಮುದ್ರೆಯಿರುವ ಜಾಗವನ್ನು ಮೃದುವಾಗಿ ಉಜ್ಜಬೇಕು.

ಹದ ಕೆಟ್ಟಿದ್ದರೆ ಅನುಭವಿ ಕಮ್ಮಾರರ ಕುಲುಮೆಗೆ ಒಯ್ಯಬೇಕು. ಅಯಸ್ಕಾಂತ ಅಂಟದಷ್ಟು ಕೆಂಪಗೆ ಕಾಯಿಸಿ, ಬಾಯಿಯ ಭಾಗವನ್ನು ಮಾತ್ರ ತಣಿಸಿ, ಹೊಳಪು ತಂದು ಮತ್ತೆ ಮೆಲ್ಲಗೆ ಕಾಯಿಸಿದಾಗ ಬಣ್ಣಗಳು ಒಂದಾದ ಮೇಲೊಂದು ಓಡುತ್ತವೆ. ತಿಳಿ ಹುಲ್ಲಿನ ಬಣ್ಣಕ್ಕೆ ಸುಮಾರು 220-230 ಡಿಗ್ರಿ, ನೇರಳೆಗೆ ಸುಮಾರು 270-280 ಡಿಗ್ರಿ, ನೀಲಿಗೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಶಾಖವಿರುತ್ತದೆ. ಪೆಟ್ಟು ತಿನ್ನುವ ಕತ್ತಿ, ಕೊಡಲಿಗಳಿಗೆ ನೇರಳೆಯಿಂದ ನೀಲಿಯವರೆಗಿನ ಹದ ಒಪ್ಪುತ್ತದೆ. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ ಕತ್ತಿಯನ್ನು ನೀರಿಗಿಂತ ಎಣ್ಣೆಯಲ್ಲಿ ತಣಿಸುವುದು ಲೇಸು. ನೀರಿನಲ್ಲಿ ಬಿರುಕು ಬಿಡಬಹುದು.

ಕೊಡಲಿ ಕಾವು ಕುಲಕ್ಕೆ ಮೃತ್ಯು ಎಂಬ ಗಾದೆ ಮರಗಳ ಮಾತಾಯಿತು. ಸಡಿಲವಾದ ಕಾವು ಹಿಡಿದವನಿಗೇ ಮೃತ್ಯು. ತಡಸಲು ಮತ್ತು ದಿಂಡಿಗ ಮರಗಳು ಬಳುಕಿಗೂ ಬಲಕ್ಕೂ ಹೆಸರಾದವು. ಕಿತ್ತು ಹಾಕಿದ ಹಳೆಯ ಕಾಫಿ ಗಿಡದ ನೇರವಾದ ಕಾಂಡ ಕತ್ತಿಯ ಹಿಡಿಗೆ ಚೆನ್ನಾಗಿ ಒದಗುತ್ತದೆ. ಬೇಸಿಗೆಯಲ್ಲಿ ಕಡಿದು ನೆರಳಿನಲ್ಲಿ ಕೆಲವು ತಿಂಗಳು ಒಣಗಿಸಿದ ಮೇಲೆಯೇ ಬಳಸಬೇಕು. ಬೇಸಿಗೆಯಲ್ಲಿ ಸಡಿಲವಾದ ಕೊಡಲಿಯನ್ನು ನೀರಿನಲ್ಲಿ ನೆನೆಸುವ ರೂಢಿಯಿದೆ. ಆ ಬಿಗಿ ಒಂದೆರಡು ದಿನದ್ದು. ಮರ ಒಣಗಿದಾಗ ಮೊದಲಿಗಿಂತ ಹೆಚ್ಚು ಸಡಿಲವಾಗುತ್ತದೆ. ಬೆಣೆ ಹೊಡೆಯುವುದೇ ಸರಿಯಾದ ಉಪಾಯ. ಕಾವಿಗೆ ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅದು ತಾನಾಗಿಯೇ ಹೊತ್ತಿಕೊಳ್ಳುವುದುಂಟು. ಬಿಡಿಸಿ ಹರಡಿ ಒಣಗಿಸಿ.

ಮುಂಗಾರು ಹಿಡಿಯುವ ಮುನ್ನ ಅಲಗುಗಳಿಗೆಲ್ಲ ಗ್ರೀಸ್ ಬಳಿದು, ನೆಲಕ್ಕೆ ತಾಗದಂತೆ ತೂಗುಹಾಕಬೇಕು. ಕಳಸದ ಮಳೆಗೆ ಒಂದು ವರ್ಷ ಅಲಕ್ಷ್ಯ ಮಾಡಿದರೂ ದುರಸ್ತಿಯ ಶ್ರಮವೆಲ್ಲ ವ್ಯರ್ಥ.

ಬಳಕೆ ಬಲ್ಲವರ ಮಾತು

ಸಲಕರಣೆಯೊಂದನ್ನೇ ತಂದರೆ ಅರ್ಧ ತಂದಂತೆ. ಆ ಬಾಗಿದ ಕತ್ತಿ ಯಾವ ಮರದ ಕೊಂಬೆಗೆ, ಆ ಗಿಡ್ಡ ಕಾವಿನ ಗುದ್ದಲಿ ಯಾವ ಇಳಿಜಾರಿಗೆ, ಅದನ್ನು ಹೆಂಗಸರು ಹಿಡಿಯುತ್ತಿದ್ದರೋ ಗಂಡಸರೋ ಎಂಬುದು ಯಾವ ಪುಸ್ತಕದಲ್ಲಿಯೂ ಬರೆದಿಲ್ಲ. ಅದನ್ನು ಬಲ್ಲವರು ಲೈನ್ ಮನೆಗಳಲ್ಲಿ ಬಾಳಿದ ಹಳೆಯ ಕೆಲಸಗಾರರು ಮತ್ತು ಕುಲುಮೆ ಮುಚ್ಚಿದ ಕಮ್ಮಾರರು. ಕಳೆ ಕೊಚ್ಚುವ ಯಂತ್ರ, ಯಂತ್ರದ ಗರಗಸಗಳು ಬಂದ ಮೇಲೆ ಅವರನ್ನು ಕೇಳುವವರು ಕಡಿಮೆ. ತೋಟ ಮಾರಾಟವಾದ ಮೇಲೆ ಅವರೂ ಊರಿಗೆ ಹೊರಟುಹೋಗುತ್ತಾರೆ. ಕಬ್ಬಿಣ ಇನ್ನೊಂದು ಉಗ್ರಾಣದಲ್ಲಿ ಸಿಕ್ಕೀತು. ಹೊರಟುಹೋದ ಈ ತಿಳಿವಳಿಕೆ ಮತ್ತೆ ಸಿಗುವುದಿಲ್ಲ.

ಆದ್ದರಿಂದ ಉಗ್ರಾಣ ನೋಡಲು ಹೋಗುವ ದಿನ ಆ ತೋಟದಲ್ಲಿ ದುಡಿದ ಹಿರಿಯ ಕೆಲಸಗಾರರೊಬ್ಬರನ್ನು, ಅಂದಿನ ಕೂಲಿ ಕೊಟ್ಟು, ಜೊತೆಗೆ ಕರೆದುಕೊಂಡು ಹೋಗುವುದು ಎಲ್ಲಕ್ಕಿಂತ ಉತ್ತಮ ಕ್ರಮ. ಅವರ ಕೈಗೆ ಸಲಕರಣೆ ಕೊಟ್ಟರೆ ಬಾಯಿಂದ ಹೇಳಲಾಗದ್ದನ್ನು ಹಿಡಿದು ತೋರಿಸುತ್ತಾರೆ. ಹೆಸರು, ಬಳಕೆ, ಸ್ಥಳ ಈ ಮೂರನ್ನು ಚೀಟಿಯಲ್ಲಿ ಬರೆದು ಸಲಕರಣೆಗೆ ಕಟ್ಟಬೇಕು. ರೈಟರ ಹಳೆಯ ಸ್ಟೋರ್ ಪುಸ್ತಕ ಸಿಕ್ಕರೆ ಅದನ್ನು ರದ್ದಿಗೆ ಹಾಕಲು ಬಿಡಬೇಡಿ. ಯಾವ ವರ್ಷ ಎಷ್ಟು ಗುದ್ದಲಿ ಬಂದವು, ಎಷ್ಟು ಸವೆದವು ಎಂಬ ಲೆಕ್ಕ ಅದರಲ್ಲಿರಬಹುದು.

ಬಳಕೆಗೆ ಬಾರದಿದ್ದರೂ ಅಪರೂಪವೆನಿಸಿದ್ದನ್ನು ಕಾಫಿ ಮಂಡಳಿಯು ಚಿಕ್ಕಮಗಳೂರಿನಲ್ಲಿ ಸ್ಥಾಪಿಸಿದ ಕಾಫಿ ವಸ್ತುಸಂಗ್ರಹಾಲಯದವರಿಗೆ ತೋರಿಸಬಹುದು. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯವನ್ನು ನೋಡಿದವರಿಗೆ, ಮನೆಯ ಮೂಲೆಯ ವಸ್ತುಗಳೂ ಕಾಪಾಡಿದರೆ ಎಷ್ಟು ಹೇಳಬಲ್ಲವು ಎಂಬುದು ತಿಳಿದಿದೆ.

ಕೊನೆಯದಾಗಿ ಬೆಳೆಗಾರ ಬಾಂಧವರಲ್ಲಿ ಒಂದು ಸೂಚನೆ. ಬೇರೆಯವರ ಉಗ್ರಾಣಕ್ಕೆ ಹೋಗುವ ಮೊದಲು ಈ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ನಿಮ್ಮದೇ ಉಗ್ರಾಣದ ರಾಶಿಯನ್ನು ಅಂಗಳಕ್ಕೆ ಹಾಕಿಸಿ. ಕೆಲಸಕ್ಕೆ ಬರುವುದು, ಕಾಪಾಡತಕ್ಕದ್ದು, ಗುಜರಿಗೆ ಹೋಗತಕ್ಕದ್ದು ಎಂದು ಮೂರು ಪಾಲು ಮಾಡಿ. ಮೊದಲ ಪಾಲನ್ನು ಕಮ್ಮಾರರಿಗೆ ಕಳುಹಿಸಿ, ಎರಡನೆಯದಕ್ಕೆ ಚೀಟಿ ಕಟ್ಟಿ, ಮೂರನೆಯದನ್ನು ನಿಶ್ಚಿಂತೆಯಿಂದ ತೂಕಕ್ಕೆ ಹಾಕಿ.